ವರ್ಟಸ್ ಜಿಟಿಗೆ ಯಾವ ಟೈರ್? 17 ಇಂಚಿನ ಆಸೆ, ಶಿರಾಡಿಯ ಮಳೆ

ಪ್ರಶ್ನೆ: ನನ್ನದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಟಿಎಸ್‌ಐ, ಡಿಎಸ್‌ಜಿ. 41,000 ಕಿ.ಮೀ. ಓಡಿದೆ. ಕಂಪನಿಯಿಂದ ಬಂದ 205/55 ಆರ್16 ಟೈರ್‌ಗಳ ಬಟನ್ ಮುಗಿಯುತ್ತ ಬಂದಿದೆ. ಇರುವುದು ಬೆಂಗಳೂರಿನಲ್ಲಿ, ತಿಂಗಳಿಗೆರಡು ಸಲ ಶಿರಾಡಿ ಇಳಿದು ಮಂಗಳೂರಿಗೆ ಹೋಗಿ ಬರುತ್ತೇನೆ. ಮಳೆಯಲ್ಲಿ ಸಿಗ್ನಲ್‌ನಿಂದ ಹೊರಟರೆ ಮುಂದಿನ ಚಕ್ರ ಗಿರ್ರನೆ ಸುತ್ತುತ್ತದೆ, ಘಾಟಿಯ ತಿರುವಿನಲ್ಲಿ ಮೂತಿ ಹೊರಗೆ ಜಾರಿದಂತಾಗುತ್ತದೆ. ಟೈರ್ ಅಂಗಡಿಯವರು 17 ಇಂಚಿನ ಅಲಾಯ್ ಜೊತೆ 215/45 ಹಾಕಿಸಿ ಅನ್ನುತ್ತಿದ್ದಾರೆ. ಏನು ಮಾಡಲಿ? ಟೈರ್ ಯಾವುದು ತಗೊಳ್ಳಲಿ?

ಉತ್ತರ: 17 ಇಂಚು ಬೇಡ. ಇರುವ ರಿಮ್ಮಿನಲ್ಲೇ, ಇರುವ ಅಳತೆಯಲ್ಲೇ ಒಳ್ಳೆಯ ರಬ್ಬರ್ ಹಾಕಿಸಿ. ಅಲಾಯ್‌ಗೆ ಎತ್ತಿಟ್ಟ ಹಣದಲ್ಲಿ ಒಂದು ಭಾಗವನ್ನು ಟೈರಿಗೆ ಸೇರಿಸಿದರೆ ಇನ್ನೊಂದು ದರ್ಜೆ ಮೇಲಿನದೇ ಸಿಗುತ್ತದೆ. ಯಾಕೆಂದರೆ ನೀವು ಹೇಳಿದ ಎರಡು ದೂರುಗಳೂ ಒದ್ದೆ ರಸ್ತೆಯವು, ಮತ್ತು ಒದ್ದೆ ರಸ್ತೆಯ ಹಿಡಿತ ಬರುವುದು ರಬ್ಬರಿನ ಮಿಶ್ರಣ, ಗೀರುಗಳ ಆಳ ಮತ್ತು ಗಾಳಿಯಿಂದ. ರಿಮ್ಮಿನ ವ್ಯಾಸಕ್ಕೂ ಅದಕ್ಕೂ ಹೆಚ್ಚೇನೂ ಸಂಬಂಧವಿಲ್ಲ.

ಚಕ್ರ ಸುತ್ತುವುದು ಸಹಜವೇ. ಈ ಎಂಜಿನ್ 1,600 ಆರ್‌ಪಿಎಂನಿಂದಲೇ 250 ಎನ್‌ಎಂ ಟಾರ್ಕ್ ಕೊಡುತ್ತದೆ, ಅಷ್ಟೂ ಮುಂದಿನ ಎರಡು ಚಕ್ರದ ಮೇಲೆ. ಹೊರಡುವಾಗ ಕಾರಿನ ಭಾರ ಹಿಂದಕ್ಕೆ ವಾಲಿ ಮುಂದಿನ ಟೈರ್‌ಗಳು ಹಗುರಾಗುತ್ತವೆ. ಸಾಲದ್ದಕ್ಕೆ ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಮುಂದಿನ ಜೋಡಿಯೇ ಬೇಗ ಸವೆಯುವುದು. 41,000 ಕಿ.ಮೀ. ಆದಮೇಲೆ ಅಲ್ಲಿ ಗೀರಿನ ಆಳ 3 ಮಿ.ಮೀ. ಉಳಿದಿದ್ದರೆ ಅದೇ ಪುಣ್ಯ. ಟ್ರ್ಯಾಕ್ಷನ್ ಕಂಟ್ರೋಲ್, ಇಎಸ್‌ಸಿಯಂಥ ಜಾರುವಿಕೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಗಳೆಲ್ಲ ಇರುವ ಹಿಡಿತವನ್ನು ಹಂಚುತ್ತವೆಯೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ.

ಈಗ 17ರ ಲೆಕ್ಕ ನೋಡಿ. 205/55 ಆರ್16 ಎಂದರೆ ಅಗಲ 205 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ ಅದರ ಶೇ. 55, ಅಂದರೆ ಸುಮಾರು 113 ಮಿ.ಮೀ. ಇಡೀ ಚಕ್ರದ ವ್ಯಾಸ 632 ಮಿ.ಮೀ. 215/45 ಆರ್17ರಲ್ಲಿ ಸೈಡ್‌ವಾಲ್ 97 ಮಿ.ಮೀ.ಗೆ ಇಳಿಯುತ್ತದೆ, ವ್ಯಾಸ 625. ವ್ಯಾಸದ ವ್ಯತ್ಯಾಸ ಶೇ. 1 ಅಷ್ಟೇ, ಸ್ಪೀಡೋಮೀಟರಿಗೆ ತೊಂದರೆಯಿಲ್ಲ. ತೊಂದರೆ ಇರುವುದು ಕಳೆದುಹೋದ ಆ 16 ಮಿ.ಮೀ.ನಲ್ಲಿ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಸೈಡ್‌ವಾಲ್ ರಿಮ್ಮಿಗೂ ಡಾಂಬರಿಗೂ ನಡುವೆ ಸಿಕ್ಕಿ ಹಿಂಡಿಹೋಗುತ್ತದೆ. ಒಳಗಿನ ದಾರದ ಎಳೆಗಳು ತುಂಡಾಗುತ್ತವೆ. ಹೊರಗಿನ ರಬ್ಬರ್ ಹಾಗೇ ಇರುತ್ತದೆ, ಆದರೆ ಎಳೆ ತುಂಡಾದ ಜಾಗದಲ್ಲಿ ಗಾಳಿಯ ಒತ್ತಡಕ್ಕೆ ಕೋಳಿಮೊಟ್ಟೆಯಷ್ಟು ಉಬ್ಬು ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ, ಟೈರ್ ಎಸೆಯಬೇಕು. ಸೈಡ್‌ವಾಲ್ ಗಿಡ್ಡ ಆದಷ್ಟೂ ಈ ಹಿಂಡುವಿಕೆಗೆ ಬೇಕಾದ ಪೆಟ್ಟು ಸಣ್ಣದಾಗುತ್ತದೆ. ಹಾಸನದಿಂದಾಚೆ ಮಳೆಗಾಲದ ರಾತ್ರಿ ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಯಾರಿಗೂ ಕಾಣುವುದಿಲ್ಲ.

ಭಾರ ಹೊರುವ ಶಕ್ತಿಯ ವಿಚಾರವನ್ನು ಅಂಗಡಿಯಲ್ಲಿ ಸಾಮಾನ್ಯವಾಗಿ ಹೇಳುವುದೇ ಇಲ್ಲ. ನಿಮ್ಮ ಟೈರಿನ ಮೇಲೆ ಅಳತೆಯ ಪಕ್ಕ 91ವಿ ಅಂತಿದ್ದರೆ, 91 ಎಂದರೆ ಒಂದು ಟೈರ್ ಗರಿಷ್ಠ 615 ಕೆ.ಜಿ. ಹೊರಬಲ್ಲದು, ವಿ ಎಂದರೆ ಗಂಟೆಗೆ 240 ಕಿ.ಮೀ. ವೇಗದವರೆಗೆ ಸರಿ. 215/45 ಆರ್17ರ ಸಾಮಾನ್ಯ ಟೈರ್ 87, ಅಂದರೆ 545 ಕೆ.ಜಿ. ಮಾತ್ರ. 91 ಬೇಕೆಂದರೆ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ) ಎಂದು ಅಚ್ಚಾದದ್ದೇ ಆಗಬೇಕು. ಆ ಎಕ್ಸ್‌ಎಲ್ ಟೈರ್ ತನ್ನ 615 ಕೆ.ಜಿ. ಹೊರುವುದು 42 ಪಿಎಸ್‌ಐ ಗಾಳಿಯಲ್ಲಿ. ನಿಮ್ಮ ಈಗಿನ ಅಳತೆಯ 91ರ ಸಾಮಾನ್ಯ ಟೈರ್ ಅದನ್ನು 36ರಲ್ಲೇ ಮುಟ್ಟುತ್ತದೆ. ಹಾಗಾಗಿ ಎಕ್ಸ್‌ಎಲ್ ಹಾಕಿ ಹಳೆಯ ಗಾಳಿಯನ್ನೇ ಇಟ್ಟರೆ ಅದು ಹೊರುವುದು ಕಡಿಮೆಯೇ. ಗಾಳಿ ಏರಿಸಿದರೆ ಹಂಪು, ಗುಂಡಿ ಎಲ್ಲ ಸೊಂಟಕ್ಕೆ ಬಡಿಯುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಊರಿಗೆ ಹೋಗುವ ಕಾರಿಗೆ ಇದು ಸಣ್ಣ ಮಾತಲ್ಲ.

17 ಹಾಕಿಸಲೇಬೇಕು ಅನ್ನುವ ಹಟವಿದ್ದರೆ 205/50 ಆರ್17 ನೋಡಿ: ಸೈಡ್‌ವಾಲ್ 102.5 ಮಿ.ಮೀ., ವ್ಯಾಸ 637, ಮೂಲಕ್ಕೆ ಹತ್ತಿರ. ರಿಮ್ಮಿನ ಪಿಸಿಡಿ (ಬೋಲ್ಟ್ ತೂತುಗಳ ಸಂಖ್ಯೆ ಮತ್ತು ಅವಿರುವ ವೃತ್ತದ ವ್ಯಾಸ) 5x100, ನಡುವಿನ ತೂತು 57.1 ಮಿ.ಮೀ. ಇರಲೇಬೇಕು; ತೂತು ದೊಡ್ಡದಿದ್ದರೆ ಹಬ್ ರಿಂಗ್ (ಆ ಸಂದು ತುಂಬುವ ಬಳೆ) ಹಾಕಿಸದೆ ಓಡಿಸಬೇಡಿ, 90ರ ಮೇಲೆ ಸ್ಟಿಯರಿಂಗ್ ನಡುಗುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಫೋಕ್ಸ್‌ವ್ಯಾಗನ್ ಬೋಲ್ಟಿನ ತಲೆಯ ಕೆಳಭಾಗ ಗುಂಡಗೆ ಇರುತ್ತದೆ, ಹೊರಗಿನ ಅಲಾಯ್‌ಗಳ ಕೂರುವ ಜಾಗ ಹೆಚ್ಚಾಗಿ ಶಂಕುವಿನಂತೆ ಚೂಪಾಗಿರುತ್ತದೆ. ಇವೆರಡು ಸೇರಿದರೆ ಬೋಲ್ಟ್ ಕೂರುವುದು ಕೂದಲೆಳೆಯಷ್ಟು ಜಾಗದ ಮೇಲೆ. ಟೈಟಾಗಿದೆ ಅನಿಸುತ್ತದೆ, ಓಡಿಸುತ್ತ ಓಡಿಸುತ್ತ ಸಡಿಲವಾಗುತ್ತದೆ. ಹೊಸ ರಿಮ್ಮಿಗೆ ಹೊಂದುವ ಬೋಲ್ಟ್ ಬೇರೆಯೇ ಕೊಳ್ಳಬೇಕು.

ಇರುವ 16 ಇಂಚಿನ ರಿಮ್ಮಿಗೆ ಅಗಲದ ಟೈರ್ ಹಾಕಿದರೆ? 215/55 ಆರ್16 ಕೂರುತ್ತದೆ, ವ್ಯಾಸ 643 ಆಗುತ್ತದೆ, ಶೇ. 1.7 ಹೆಚ್ಚು. ನೆಲದಿಂದ ಐದು ಮಿ.ಮೀ. ಎತ್ತರ ಸಿಕ್ಕಿತು ಅಂತ ಕೆಲವರು ಖುಷಿಪಡುತ್ತಾರೆ. ಆದರೆ ರಿಮ್ಮಿನ ಅಗಲ 6 ಇಂಚು ಮಾತ್ರ ಇದ್ದರೆ ಟೈರಿನ ಹೊಟ್ಟೆ ಹೊರಗೆ ಬಂದು ತಿರುವಿನಲ್ಲಿ ಸೈಡ್‌ವಾಲ್ ತೊನೆದಾಡುತ್ತದೆ, ಸ್ಟಿಯರಿಂಗ್ ತಿರುಗಿಸಿದ್ದಕ್ಕೂ ಮೂತಿ ತಿರುಗುವುದಕ್ಕೂ ನಡುವೆ ಒಂದು ಕ್ಷಣದ ಮಂಕು ಬರುತ್ತದೆ. ಸ್ಪೋರ್ಟಿ ಕಾರಿಗೆ ಇದು ಹಿಂದಕ್ಕೆ ಹೋದಂತೆ. ಅಗಲ ಟೈರ್ ನಿಂತ ನೀರಿನಲ್ಲಿ ಬೇಗ ತೇಲುತ್ತದೆ ಅನ್ನುವುದೂ ನೆನಪಿರಲಿ. 205ರಲ್ಲೇ ಇರಿ.

ಇನ್ನು ರಬ್ಬರಿನ ವಿಷಯ, ನಿಮ್ಮ ಹಣ ಹೋಗಬೇಕಾದ ಜಾಗ ಇದೇ.

ಮೈಲೇಜಿಗಾಗಿ ಮಾಡಿದ ಟೈರಿನ ರಬ್ಬರ್ ಬಾಗಿ ನೆಟ್ಟಗಾಗುವಾಗ ಕಡಿಮೆ ಶಕ್ತಿ ನುಂಗುತ್ತದೆ; ಕಾರು ಹಗುರವಾಗಿ ಉರುಳುತ್ತದೆ. ಹಿಡಿತಕ್ಕೆ ಬೇಕಾದದ್ದು ಇದಕ್ಕೆ ವಿರುದ್ಧ: ರಸ್ತೆಯ ಸಣ್ಣ ಹರಳುಗಳ ಸುತ್ತ ರಬ್ಬರ್ ಮೆತ್ತಗೆ ಅಂಟಿ, ನಿಧಾನವಾಗಿ ಬಿಡಬೇಕು. ಸಿಲಿಕಾ ಬೆರೆಸಿದ ಮಿಶ್ರಣ ಈ ಎರಡನ್ನೂ ತಕ್ಕಮಟ್ಟಿಗೆ ಒಟ್ಟಿಗೆ ಕೊಡುತ್ತದೆ, ಆದರೆ ಪೂರ್ತಿ ಅಲ್ಲ. ಒದ್ದೆಯಲ್ಲಿ ಚೆನ್ನಾಗಿ ನಿಲ್ಲುವ, ಮೈಲೇಜೂ ಕೊಡುವ, ಎಂಬತ್ತು ಸಾವಿರ ಕಿ.ಮೀ. ಬಾಳುವ, ಸದ್ದೂ ಮಾಡದ ಟೈರ್ ಇನ್ನೂ ಹುಟ್ಟಿಲ್ಲ. ನಾಲ್ಕರಲ್ಲಿ ಎರಡನ್ನು ಆರಿಸಿಕೊಳ್ಳಬೇಕು. ನಿಮಗೆ ನಾನು ಆರಿಸುವುದು ಮೊದಲು ಒದ್ದೆ ಹಿಡಿತ, ಆಮೇಲೆ ಸ್ಟಿಯರಿಂಗಿನ ಚುರುಕು.

ಮಾರುಕಟ್ಟೆಯಲ್ಲಿ ಈ ಬಗೆಯ ಕಾರಿಗೆ ಸಿಗುವವು ಮುಖ್ಯವಾಗಿ ಎರಡು ಕುಲ. ಒಂದು, ಪ್ರೀಮಿಯಂ ಟೂರಿಂಗ್: ಮಿಶೆಲಿನ್ ಪ್ರೈಮಸಿ, ಯೊಕೊಹಾಮಾ ಅಡ್ವಾನ್ ಡಿಬಿ, ಬ್ರಿಡ್ಜ್‌ಸ್ಟೋನ್ ಟುರಾಂಜಾ, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಈ ಸಾಲಿನವು. ಮೌನ, ಮೆದು ಸವಾರಿ, ಒದ್ದೆಯಲ್ಲಿ ಗಟ್ಟಿ ಬ್ರೇಕ್. ಸೈಡ್‌ವಾಲ್ ಸ್ವಲ್ಪ ಮೆದು, ಹಾಗಾಗಿ ತಿರುವಿಗೆ ನುಗ್ಗುವಾಗ ಒಂದಿಷ್ಟು ಸಾವಧಾನ. ಎರಡನೆಯದು ಸ್ಪೋರ್ಟ್ ಕುಲ: ಮಿಶೆಲಿನ್ ಪೈಲಟ್ ಸ್ಪೋರ್ಟ್, ಕಾಂಟಿನೆಂಟಲ್ ಮ್ಯಾಕ್ಸ್‌ಕಾಂಟ್ಯಾಕ್ಟ್, ಯೊಕೊಹಾಮಾ ಅಡ್ವಾನ್ ಫ್ಲೇವಾ, ಅಪೊಲೊ ಕಂಪನಿಯ ಕೈಯಲ್ಲಿರುವ ವ್ರೆಡೆಸ್ಟೈನ್‌ನ ಅಲ್ಟ್ರಾಕ್ ಸಾಲು. ಭುಜದ ಬಟನ್‌ಗಳು ದಪ್ಪ, ಮಧ್ಯದ ಪಟ್ಟಿ ಕಡಿಯದೆ ಸುತ್ತಲೂ ಓಡುತ್ತದೆ, ಸೈಡ್‌ವಾಲ್ ಬಿಗಿ. ಸ್ಟಿಯರಿಂಗಿಗೆ ತಕ್ಷಣ ಓಗೊಡುತ್ತವೆ. ಸದ್ದು ಹೆಚ್ಚು, ಬಾಳಿಕೆ ಕಡಿಮೆ.

ಇವೆರಡರಲ್ಲಿ ನಿಮ್ಮ ಓಡಾಟಕ್ಕೆ ಸ್ಪೋರ್ಟ್ ಕುಲದ್ದು 205/55 ಆರ್16ರಲ್ಲಿ, ತಾಜಾ ತಯಾರಿಕೆಯದು ಸಿಕ್ಕರೆ ಅದನ್ನೇ ತಗೊಳ್ಳಿ. ಸಿಗದೇ ಇರುವ ಸಂಭವವೂ ಇದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಹಾಕಿದ ಮೇಲೆ ಹೊರಗಿನಿಂದ ಬರುವ ಮಾಡೆಲ್‌ಗಳು ಲೈಸೆನ್ಸ್ ಇದ್ದಷ್ಟೇ ಬರುತ್ತವೆ. ಹೀಗಾಗಿ ಸ್ಪೋರ್ಟ್ ಟೈರ್ ಎಂಬ ಹೆಸರಿಗಾಗಿ ಎರಡು ವರ್ಷ ಗೋದಾಮಿನಲ್ಲಿ ಕೂತ ಮಾಲನ್ನು ತಗೊಳ್ಳುವುದಕ್ಕಿಂತ ಮೂರು ತಿಂಗಳ ಹಿಂದೆ ತಯಾರಾದ ಟೂರಿಂಗ್ ಟೈರ್ ಮೇಲು. ಟೂರಿಂಗ್ ಕುಲದಲ್ಲೇ ಆರಿಸುವುದಾದರೆ ಬರೀ ಮೌನಕ್ಕೆ ಹೆಸರಾದದ್ದನ್ನು ಬಿಟ್ಟು ಒದ್ದೆ ಬ್ರೇಕಿಂಗಿಗೆ ಹೆಸರಾದದ್ದನ್ನು ಆರಿಸಿ.

ಯೂರೋಪಿನ ವಿಮರ್ಶೆಗಳನ್ನು ನೋಡುವಾಗ ಒಂದು ಗೊಂದಲ ಆಗುತ್ತದೆ. ಅಲ್ಲಿ ‘ಸಮ್ಮರ್ ಟೈರ್’ ಎಂದರೆ ಒಣ ರಸ್ತೆಯ ಟೈರ್ ಎಂದಲ್ಲ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಹವೆಗೆ ಮಾಡಿದ್ದು ಎಂದರ್ಥ, ಮಳೆಯೂ ಅದರಲ್ಲೇ ಸೇರಿತು. ಬೆಂಗಳೂರಿನ ಜನವರಿ ಬೆಳಗಿನಲ್ಲೂ ನಮಗೆ ಬೇಕಾದದ್ದು ಅದೇ. ಹಿಮದ ಗುರುತಿನ ಆಲ್ ಸೀಸನ್ ಟೈರ್ ಕೊಂಡರೆ ಬೇಸಿಗೆಯ ಕಾದ ಡಾಂಬರಿನ ಮೇಲೆ ಅದರ ಬಟನ್ ತೊನೆದಾಡುತ್ತದೆ.

ಟೈರಿನ ಬದಿಯಲ್ಲಿ ಟ್ರೆಡ್‌ವೇರ್, ಟ್ರ್ಯಾಕ್ಷನ್, ಟೆಂಪರೇಚರ್ ಎಂಬ ಮೂರು ಮಾತು ಇರುತ್ತವೆ. ಟ್ರೆಡ್‌ವೇರ್ ಅಂಕಿ ಹೆಚ್ಚಿದ್ದಷ್ಟೂ ಹೆಚ್ಚು ಬಾಳಿಕೆ ಎಂಬ ಲೆಕ್ಕ. ಸ್ಪೋರ್ಟ್ ಟೈರ್‌ಗಳು ಸಾಮಾನ್ಯವಾಗಿ 240ರಿಂದ 340ರ ಆಸುಪಾಸು, ಟೂರಿಂಗ್ ಅದಕ್ಕಿಂತ ಮೇಲೆ. ಆದರೆ ಈ ಅಂಕಿಯನ್ನು ತಯಾರಕರೇ ಹಾಕಿಕೊಳ್ಳುವುದರಿಂದ ಒಂದು ಕಂಪನಿಯ 300ನ್ನು ಇನ್ನೊಂದು ಕಂಪನಿಯ 300ಕ್ಕೆ ಹೋಲಿಸಬೇಡಿ. ಒಂದೇ ಕಂಪನಿಯ ಎರಡು ಮಾಡೆಲ್ ನಡುವೆ ಹೋಲಿಸಲು ಪರವಾಗಿಲ್ಲ. ಟ್ರ್ಯಾಕ್ಷನ್‌ನಲ್ಲಿ ಎಎ ಎಲ್ಲಕ್ಕಿಂತ ಮೇಲೆ, ಆಮೇಲೆ ಎ, ಬಿ, ಸಿ. ಅದು ಅಳೆಯುವುದು ಒದ್ದೆ ನೆಲದ ಮೇಲೆ ನೇರ ಬ್ರೇಕ್ ಹಿಡಿದಾಗಿನ ಹಿಡಿತವನ್ನು. ತಿರುವಿನ ಬಗ್ಗೆ, ನೀರಿನ ಮೇಲೆ ತೇಲುವ ಬಗ್ಗೆ ಏನೂ ಹೇಳುವುದಿಲ್ಲ. ಟೆಂಪರೇಚರ್ ಎ ಇದ್ದರೆ ಸಾಕು, ಮುಂದಕ್ಕೆ ಹೋಗಿ.

ತೇಲುವ ವಿಷಯ ಬಂತಲ್ಲ, ಅದನ್ನು ಬಿಡಿಸಿ ಹೇಳಬೇಕು. ರಸ್ತೆಯಲ್ಲಿ ನೀರು ನಿಂತಾಗ ಟೈರ್ ಅದನ್ನು ಗೀರುಗಳ ಮೂಲಕ ಹಿಂಡಿ ಹೊರಹಾಕಬೇಕು. ವೇಗ ಹೆಚ್ಚಾದಾಗ ಹಿಂಡಲು ಸಮಯ ಸಾಲದೆ ನೀರಿನ ಬೆಣೆ ಟೈರಿನಡಿ ನುಗ್ಗಿ ಅದನ್ನು ಎತ್ತಿಬಿಡುತ್ತದೆ. ವಿಮಾನದ ಚಕ್ರಗಳ ಮೇಲೆ ನಾಸಾ ಮಾಡಿದ ಪ್ರಯೋಗಗಳಿಂದ ಬಂದ ಒಂದು ಸರಳ ಸೂತ್ರವಿದೆ: ಗೀರಿಲ್ಲದ ಟೈರ್ ಪೂರ್ತಿ ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲದ ಜೊತೆ ಏರಿಳಿಯುತ್ತದೆ. ಲೆಕ್ಕ ಹಾಕಿದರೆ 33 ಪಿಎಸ್‌ಐನಲ್ಲಿ ಅದು ಗಂಟೆಗೆ ಸುಮಾರು 96 ಕಿ.ಮೀ., 26 ಪಿಎಸ್‌ಐನಲ್ಲಿ ಸುಮಾರು 85. ಕಾರಿನ ಟೈರಿಗೆ ಇದು ಅಂದಾಜು ಮಾತ್ರ. ಆದರೆ ನೆಲ್ಯಾಡಿಯಿಂದ ಮುಂದೆ ಸುರಿಮಳೆಯಲ್ಲಿ ನೂರರ ಹತ್ತಿರ ಹೋಗುವ ಸವೆದ ಟೈರಿನ ಕಾರು ಎಷ್ಟು ಸಣ್ಣ ಅಂಚಿನ ಮೇಲಿದೆ ಎಂದು ತಿಳಿಯಲು ಸಾಕು. ಗಾಳಿ ಏಳು ಪಿಎಸ್‌ಐ ಇಳಿದರೆ ಆ ಅಂಚಿನಿಂದ 11 ಕಿ.ಮೀ. ಹೋಯಿತು, ಟೈರ್ ಎಷ್ಟೇ ದುಬಾರಿಯದಾಗಿರಲಿ.

ಹೊಸ ಟೈರಿನಲ್ಲಿ ಗೀರಿನ ಆಳ ಸುಮಾರು 8 ಮಿ.ಮೀ. ಕಾನೂನು 1.6 ಮಿ.ಮೀ.ವರೆಗೆ ಬಿಡುತ್ತದೆ, ಗೀರಿನೊಳಗೆ ಅಡ್ಡ ಕಾಣುವ ಸಣ್ಣ ದಿಬ್ಬದ ಮಟ್ಟ ಅದೇ. ಘಾಟಿ ಇಳಿಯುವ ಕಾರಿಗೆ ನಾನು ಹೇಳುವ ಮಟ್ಟ 3 ಮಿ.ಮೀ. ಮೇ ಕೊನೆಗೆ 3.5 ಇದ್ದರೂ ಮಳೆಗಾಲ ಮುಗಿಯಲಿ ಅಂತ ಕಾಯದೆ ಆಗಲೇ ಬದಲಿಸುವುದು ಲೇಸು. ಅಳೆಯುವ ಗೇಜ್‌ಗೆ ಹೆಚ್ಚು ಬೆಲೆಯಿಲ್ಲ. ಒಳ ಅಂಚು, ನಡು, ಹೊರ ಅಂಚು ಮೂರು ಕಡೆ ಇಟ್ಟು ನೋಡಿ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆಯಿತ್ತು. ಒಂದೇ ಅಂಚಾದರೆ ಅಲೈನ್‌ಮೆಂಟ್ ಕೆಟ್ಟಿದೆ. ಅದನ್ನು ಸರಿಮಾಡಿಸದೆ ಹೊಸ ಟೈರ್ ಹಾಕಿಸಿದರೆ ಅದೂ ಹತ್ತು ಸಾವಿರ ಕಿ.ಮೀ.ನಲ್ಲಿ ಹಾಗೇ ಆಗುತ್ತದೆ.

ನಾಲ್ಕಕ್ಕೂ ಹಣ ಹೊಂದದಿದ್ದರೆ ಎರಡು ಹಾಕಿಸಬಹುದು, ಆದರೆ ಹೊಸ ಜೋಡಿ ಹಿಂದಕ್ಕೆ ಹೋಗಬೇಕು. ಎಂಜಿನ್ ಮುಂದೆ, ಸುತ್ತುವುದೂ ಮುಂದಿನದೇ, ಹೊಸದು ಹಿಂದೆ ಯಾಕೆ ಅಂತ ಅಂಗಡಿಯಲ್ಲೇ ವಾದ ಮಾಡುತ್ತಾರೆ. ಮುಂದಿನ ಟೈರ್ ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ. ಕಾಲು ತೆಗೆದರೆ ವೇಗ ಇಳಿದು ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಾಗುತ್ತದೆ, ಗಾಬರಿಯಲ್ಲಿ ಕಾಲು ತೆಗೆದರೆ ಭಾರ ಮುಂದೆ ವಾಲಿ ಇನ್ನಷ್ಟು ತಿರುಗುತ್ತದೆ. ನಿಮ್ಮ ಸಂದರ್ಭದಲ್ಲಿ ಮಾತ್ರ ನಾಲ್ಕೂ ಬದಲಿಸಿ ಅನ್ನುತ್ತೇನೆ. ಹಿಡಿತ ಬೇಕಿರುವುದು ಮುಂದೆ, ಸುರಕ್ಷತೆಗೆ ಹೊಸದು ಬೇಕಿರುವುದು ಹಿಂದೆ. ಎರಡು ಟೈರಿನಲ್ಲಿ ಇದು ಬಗೆಹರಿಯುವುದಿಲ್ಲ.

ಕೊಳ್ಳುವಾಗ ಟೈರನ್ನು ರಿಮ್ಮಿಗೆ ಏರಿಸುವ ಮೊದಲು ನಾಲ್ಕರ ಮೇಲೂ ಡಿಒಟಿ ಸಂಖ್ಯೆ ನೋಡಿ. ಕೊನೆಯ ನಾಲ್ಕು ಅಂಕಿಯಲ್ಲಿ ಮೊದಲೆರಡು ಟೈರ್ ತಯಾರಾದ ವಾರ, ನಂತರದ್ದು ವರ್ಷ: 1425 ಎಂದರೆ 2025ರ 14ನೇ ವಾರ. ಆರು ತಿಂಗಳ ಒಳಗಿನದು ಕೇಳಿ. ಆ ನಾಲ್ಕಂಕಿ ಒಂದು ಬದಿಗೆ ಮಾತ್ರ ಇರುವುದುಂಟು, ಒಳಗೆ ತಿರುಗಿಸಿ ಹಾಕಿಬಿಟ್ಟರೆ ಕಾಣುವುದಿಲ್ಲ. ಐಎಸ್‌ಐ ಗುರುತು ಇಲ್ಲದ ಟೈರ್ ತಗೊಳ್ಳಬೇಡಿ. ಗುರುತಿಲ್ಲವೆಂದರೆ ಅದು ಇಲ್ಲಿ ಮಾರಲು ಬಂದದ್ದಲ್ಲ, ವಾರಂಟಿಯೂ ಸಿಗದು. ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಸಿ. ಕಾರಿನ ಟೈರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ, ಹಳೆಯ ದರಪಟ್ಟಿ ಹಿಡಿದು ಮಾತಾಡುವವರಿದ್ದರೆ ಅಲ್ಲೇ ಕೇಳಿ.

ಹಾಕಿಸುವ ದಿನ ಪಕ್ಕದಲ್ಲಿ ನಿಂತುಕೊಳ್ಳಿ. ಈ ಮಟ್ಟದ ಟೈರ್‌ಗಳ ಎರಡು ಬದಿಯ ಗೀರು ಹೆಚ್ಚಾಗಿ ಬೇರೆಬೇರೆ. ‘ಔಟ್‌ಸೈಡ್’ ಎಂಬ ಬರಹ ನಾಲ್ಕು ಚಕ್ರದಲ್ಲೂ ಹೊರಗೆ ಕಾಣಬೇಕು. ಬಾಣದ ಗುರುತಿದ್ದರೆ ಅದು ಚಕ್ರ ಮುಂದಕ್ಕೆ ಉರುಳುವ ದಿಕ್ಕು. ವಾಲ್ವ್ ಹೊಸದು ಹಾಕಿಸಿ. ಹಳೆಯ ರಬ್ಬರ್ ವಾಲ್ವ್ ಬಿರಿದು ಗಾಳಿ ಇಳಿಯುವುದಕ್ಕೆ ಹೊಸ ಟೈರನ್ನು ದೂರುವವರು ಬಹಳ. ರಿಮ್ಮಿನ ಅಂಚಿಗೆ ಅಂಟಿದ ಹಳೆಯ ರಬ್ಬರ್, ತುಕ್ಕು ಉಜ್ಜಿಸಿ. ಗಾಳಿಯ ಗನ್ನಿನಿಂದ ಬೋಲ್ಟ್ ಬಿಗಿಯುವುದನ್ನು ಮಾತ್ರ ಒಪ್ಪಬೇಡಿ. ಗನ್ ಎಷ್ಟು ಬಿಗಿಯುತ್ತದೆ ಅನ್ನುವುದು ಗನ್ ಹಿಡಿದವನಿಗೂ ತಿಳಿಯದು. ಕೈಯಿಂದ ಕೂರಿಸಿ, ನಕ್ಷತ್ರದ ಕ್ರಮದಲ್ಲಿ ಒಂದು ಬಿಟ್ಟು ಒಂದು, ಟಾರ್ಕ್ ರೆಂಚಿನಲ್ಲಿ 120 ಎನ್‌ಎಂ. ಗನ್ ಬಿಗಿದ ಬೋಲ್ಟನ್ನು ರಾತ್ರಿ ಮಾರನಹಳ್ಳಿ ಬಳಿ ಪಂಚರ್ ಆದಾಗ ಕಾರಿನ ಜೊತೆ ಬಂದ ಸ್ಪ್ಯಾನರಿನಿಂದ ಬಿಚ್ಚಲು ನೋಡಿ, ಆಗ ತಿಳಿಯುತ್ತದೆ.

ಅಲೈನ್‌ಮೆಂಟ್ ವರದಿಯ ಕಾಗದ ಕೇಳಿ ತಗೊಳ್ಳಿ. ಈ ಕಾರಿನಲ್ಲಿ ಸುಲಭವಾಗಿ ಹೊಂದಿಸಲು ಬರುವುದು ಮುಂದಿನ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಮಾತ್ರ. ಹಿಂದೆ ಇರುವುದು ಟ್ವಿಸ್ಟ್ ಬೀಮ್ (ಎರಡು ಚಕ್ರಗಳನ್ನು ಜೋಡಿಸುವ ಒಂದೇ ತೊಲೆ), ಅಲ್ಲಿ ಹೊಂದಾಣಿಕೆಯೇ ಇಲ್ಲ. ಹಿಂದಿನ ಚಕ್ರದ ಕ್ಯಾಂಬರ್ (ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಸರಿಮಾಡಿದೆವು ಅಂತ ದುಡ್ಡು ಕೇಳಿದರೆ ಎಲ್ಲಿ, ಯಾವ ಬೋಲ್ಟಿನಲ್ಲಿ ಎಂದು ತೋರಿಸಲು ಹೇಳಿ. ವರದಿಯಲ್ಲಿ ಹಿಂದಿನ ಚಕ್ರದ ಅಂಕಿ ನಿಜಕ್ಕೂ ಮಿತಿಯ ಹೊರಗಿದ್ದರೆ ಬೀಮ್ ಎಲ್ಲೋ ಬಲವಾಗಿ ಬಡಿದಿದೆ.

ಗಾಳಿಯನ್ನು ಕಾರಿನ ಸ್ಟಿಕ್ಕರಿನಲ್ಲಿರುವಷ್ಟೇ ಹಾಕಿಸಿ, ಟೈರಿನ ಬದಿಯಲ್ಲಿ ಅಚ್ಚಾದ ಗರಿಷ್ಠ ಒತ್ತಡವನ್ನಲ್ಲ. ತಣ್ಣಗಿರುವಾಗ, ಎರಡು ಮೂರು ಕಿ.ಮೀ.ಗಿಂತ ಹೆಚ್ಚು ಓಡಿಸದೆ ಹಾಕಬೇಕು. ಹೈವೇಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಮೂರ್ನಾಲ್ಕು ಪಿಎಸ್‌ಐ ಏರಿರುವುದು ಸಹಜ, ಅದನ್ನು ಇಳಿಸಲು ಹೋಗಬೇಡಿ. ಫುಲ್ ಲೋಡಿಗೆ ಹಿಂದಿನ ಚಕ್ರಕ್ಕೆ ಬೇರೆ ಅಂಕಿ ಅದೇ ಸ್ಟಿಕ್ಕರಿನಲ್ಲಿದೆ, ಊರಿಗೆ ಹೊರಡುವ ದಿನ ಅದನ್ನು ಪಾಲಿಸಿ. ನೈಟ್ರೋಜನ್ ಹಾಕಿಸಿದರೆ ನಷ್ಟವಿಲ್ಲ, ತಿಂಗಳಿಗೊಮ್ಮೆ ನೋಡುವ ಕೆಲಸವೇನೂ ತಪ್ಪುವುದಿಲ್ಲ. ಗಾಳಿ ಹಾಕಿಸಿದ ಮೇಲೆ ಕಾರಿನ ಪರದೆಯಲ್ಲಿ ಟೈರ್ ಪ್ರೆಷರ್ ಮೆನುವಿಗೆ ಹೋಗಿ ಹೊಸ ಮಟ್ಟವನ್ನು ಸೆಟ್ ಮಾಡಿ. ಈ ಕಾರಿನ ಎಚ್ಚರಿಕೆ ದೀಪಕ್ಕೆ ಚಕ್ರದೊಳಗೆ ಸೆನ್ಸರ್ ಇಲ್ಲ; ಎಬಿಎಸ್ ಸೆನ್ಸರಿನಿಂದ ನಾಲ್ಕು ಚಕ್ರದ ಸುತ್ತುವ ವೇಗ ಹೋಲಿಸಿ ಗಾಳಿ ಇಳಿದದ್ದನ್ನು ಊಹಿಸುತ್ತದೆ. ಸೆಟ್ ಮಾಡದಿದ್ದರೆ ಹಳೆಯ ಟೈರಿನ ಲೆಕ್ಕದಲ್ಲೇ ಹೋಲಿಸುತ್ತ ಸುಮ್ಮನೆ ದೀಪ ಹಚ್ಚುತ್ತದೆ, ಅಥವಾ ಹಚ್ಚಬೇಕಾದಾಗ ಹಚ್ಚುವುದಿಲ್ಲ.

ಮೊದಲ 200–300 ಕಿ.ಮೀ. ಮೆಲ್ಲಗೆ ಓಡಿಸಿ. ಅಚ್ಚಿನಿಂದ ಬಿಡಿಸಲು ಬಳಸಿದ ಜಾರು ಪದರ ಮೇಲ್ಮೈಯಲ್ಲಿ ಉಳಿದಿರುತ್ತದೆ, ಹೊಸ ಟೈರ್ ಹಾಕಿಸಿದ ಸಂಜೆಯೇ ಘಾಟಿಗೆ ಹೊರಡಬೇಡಿ. ಸಾವಿರ ಕಿ.ಮೀ. ಆದಮೇಲೆ ಮುಂದಿನ ಟೈರಿನ ಒಳ ಅಂಚಿನ ಮೇಲೆ ಅಂಗೈ ಆಡಿಸಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಟೋ ಇನ್ನೂ ಸರಿಯಿಲ್ಲ, ಆ ವರದಿಯ ಕಾಗದ ಹಿಡಿದು ಅದೇ ಅಂಗಡಿಗೆ ವಾಪಸ್ ಹೋಗಿ.